ಗುರಿಗಳಿಗೊಂದು ಫಲಕ: ವಿಷನ್ ಬೋರ್ಡ್ ತಯಾರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಹಂಪಿಯ ಮಾಲ್ಯವಂತ ಬೆಟ್ಟದ ಮೇಲೆ ಓಡಾಡಿದವರು ಬಂಡೆಗಳ ನಡುವೆ ಕಲ್ಲಿನ ಮೇಲೆ ಕಲ್ಲಿಟ್ಟು ಮಾಡಿದ ಪುಟ್ಟ ಪುಟ್ಟ ಗುಪ್ಪೆಗಳನ್ನು ನೋಡಿರುತ್ತಾರೆ. ಸ್ವಂತ ಮನೆಯಾಗಲಿ ಎಂದು ಬೇಡಿಕೊಂಡವರು ಅಲ್ಲಿ ಹಾಗೆ ಮೂರೋ ನಾಲ್ಕೋ ಕಲ್ಲು ಪೇರಿಸಿ ಹೋಗುವ ರೂಢಿಯಿದೆ. ಇನ್ನೊಂದು ಕಡೆ, ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಯುವಕ ಯುವತಿಯರ ಕೋಣೆಗೆ ಹೋದರೆ ಗೋಡೆಯ ಮೇಲೆ ನಕ್ಷೆ, ಪಠ್ಯಕ್ರಮದ ಪಟ್ಟಿ, ಓದಿನ ವೇಳಾಪಟ್ಟಿ ಅಂಟಿಸಿರುವುದು ಕಾಣುತ್ತದೆ. ಎರಡೂ ಮನಸ್ಸಿನ ಬಯಕೆಯನ್ನು ಕಣ್ಣಿಗೆ ಕಾಣುವಂತೆ ಮಾಡುವ ಕೆಲಸಗಳೇ. ಮೊದಲನೆಯದರಲ್ಲಿ ಬಯಕೆಯನ್ನು ಒಂದು ಜಾಗದಲ್ಲಿಟ್ಟು ಊರಿಗೆ ಮರಳುತ್ತೇವೆ; ಎರಡನೆಯದರಲ್ಲಿ ಅದರ ಜೊತೆಗೇ ದಿನವೂ ಏಳುತ್ತೇವೆ, ಮಲಗುತ್ತೇವೆ. ಈಚಿನ ವರ್ಷಗಳಲ್ಲಿ ವಿಷನ್ ಬೋರ್ಡ್ ಎಂಬ ಹೆಸರಿನಲ್ಲಿ ಜನಪ್ರಿಯವಾಗಿರುವ, ಗುರಿಗಳನ್ನು ಚಿತ್ರ ಮತ್ತು ಬರಹಗಳಾಗಿ ಅಂಟಿಸಿಟ್ಟುಕೊಳ್ಳುವ ಗುರಿಫಲಕವು ಆ ಓದುವ ಕೋಣೆಯ ಗೋಡೆಗೆ ಹತ್ತಿರವಿದ್ದಷ್ಟೂ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಅನುಭವ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಒಂದು ನಂಬಿಕೆಯ ಮೇಲೆ ನಿಂತಿವೆ.

ನನ್ನ ಮೊದಲ ಫಲಕವನ್ನು ನಾನು 2018ರ ಜನವರಿಯಲ್ಲಿ ಮಾಡಿದೆ. ಪತ್ರಿಕೆಯ ಪುರವಣಿಯಲ್ಲಿ ಬಂದಿದ್ದ ಜಾಹೀರಾತಿನಿಂದ ಹುಲ್ಲುಹಾಸಿನ ಮನೆ, ಹಿಮ ಬಿದ್ದ ಬೆಟ್ಟ, ಬಿಳಿಯ ಕಾರು, ಕಡಲ ತೀರದಲ್ಲಿ ನಗುತ್ತಿರುವ ಕುಟುಂಬ, ಇವೆಲ್ಲವನ್ನೂ ಕತ್ತರಿಸಿ ಅಂಟಿಸಿದ್ದೆ. ನೋಡಲು ಅದು ಬಹಳ ಚೆನ್ನಾಗಿತ್ತು. ವರ್ಷದ ಕೊನೆಗೆ ಅದು ಬೀರುವಿನ ಹಿಂದೆ ಧೂಳು ತಿನ್ನುತ್ತಿತ್ತು, ಮತ್ತು ಅದರಲ್ಲಿದ್ದ ಯಾವುದರ ಕಡೆಗೂ ನಾನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಮತ್ತೆ ಹೊರತೆಗೆದು ನೋಡಿದಾಗ ಕಾರಣ ಹೊಳೆಯಿತು: ಆ ಇಡೀ ಹಾಳೆಯಲ್ಲಿ ಯಾರೂ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. ಎಲ್ಲರೂ ಎಲ್ಲವನ್ನೂ ಪಡೆದು ಮುಗಿಸಿದ್ದರು.

ಚಿತ್ರ ನೋಡಿದರೆ ಸಾಕೇ?

ತಯಾರಿಕೆಗೆ ಇಳಿಯುವ ಮುನ್ನ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಅಗತ್ಯ, ಏಕೆಂದರೆ ಫಲಕದ ಮೇಲೆ ಏನಿರಬೇಕು ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಬಯಸಿದ್ದನ್ನು ಪದೇ ಪದೇ ನೋಡುತ್ತಿದ್ದರೆ ಅದು ತಾನಾಗಿ ಒದಗಿ ಬರುತ್ತದೆ ಎಂದು ಹೇಳುವವರಿದ್ದಾರೆ. ಮನಶ್ಶಾಸ್ತ್ರದ ಪ್ರಯೋಗಗಳು ಈ ಮಾತನ್ನು ಬೆಂಬಲಿಸುವುದಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲಿಯೆನ್ ಫಾಮ್ ಮತ್ತು ಶೆಲ್ಲಿ ಟೇಲರ್ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪರೀಕ್ಷೆ ಎದುರಿಸಲಿದ್ದ ವಿದ್ಯಾರ್ಥಿಗಳ ಒಂದು ಗುಂಪು ಒಳ್ಳೆಯ ಅಂಕ ಬಂದ ಕ್ಷಣವನ್ನು ದಿನವೂ ಕಲ್ಪಿಸಿಕೊಂಡಿತು. ಇನ್ನೊಂದು ಗುಂಪು ತಾನು ಕುಳಿತು ಓದುತ್ತಿರುವುದನ್ನು ಕಲ್ಪಿಸಿಕೊಂಡಿತು. ಓದುವುದನ್ನು ಕಲ್ಪಿಸಿಕೊಂಡವರೇ ಹೆಚ್ಚು ಚೆನ್ನಾಗಿ ಬರೆದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗೇಬ್ರಿಯೆಲೆ ಓಟಿಂಗನ್ ಮತ್ತು ಹೀದರ್ ಕ್ಯಾಪಸ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಎಲ್ಲವೂ ಸೊಗಸಾಗಿ ಕೈಗೂಡಿದಂತೆ ಕನಸು ಕಂಡವರಲ್ಲಿ ರಕ್ತದೊತ್ತಡದ ಅಳತೆಯಿಂದ ತಿಳಿಯುವ ದೇಹದ ಹುರುಪೇ ತಗ್ಗಿತ್ತು. ಗುರಿ ಮುಟ್ಟಿದ ಸುಖವನ್ನು ಮನಸ್ಸು ಮುಂಗಡವಾಗಿ ಉಂಡುಬಿಟ್ಟರೆ ಕೆಲಸಕ್ಕೆ ಬೇಕಾದ ಹಸಿವು ಉಳಿಯುವುದಿಲ್ಲ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಹಾಗೆಂದು ಚಿತ್ರಗಳನ್ನು ಬಿಟ್ಟುಬಿಡಬೇಕಾಗಿಲ್ಲ. ಅದೇ ಓಟಿಂಗನ್ ಅವರು ಬಯಕೆಯನ್ನೂ ಅದಕ್ಕೆ ಎದುರಾಗುವ ಅಡ್ಡಿಯನ್ನೂ ಒಂದರ ಪಕ್ಕ ಒಂದನ್ನಿಟ್ಟು ನೋಡುವ ಕ್ರಮವನ್ನು ದಶಕಗಳ ಕಾಲ ಪರೀಕ್ಷಿಸಿ, ಬಯಕೆ, ಫಲ, ಅಡ್ಡಿ, ಯೋಜನೆ ಎಂಬ ನಾಲ್ಕು ಮೆಟ್ಟಿಲುಗಳ ವಿಧಾನವನ್ನು ರೂಪಿಸಿದ್ದಾರೆ. ನಾವು ಮಾಡಲಿರುವ ಫಲಕ ಈ ನಾಲ್ಕಕ್ಕೂ ಜಾಗ ಕೊಡುತ್ತದೆ.

ಮೊದಲ ವಾರ: ಕತ್ತರಿ ಮುಟ್ಟಬೇಡಿ

ಬಹಳಷ್ಟು ಜನ ಹಳೆಯ ಪತ್ರಿಕೆಗಳನ್ನು ಹರಡಿಕೊಂಡು, ಕಣ್ಣಿಗೆ ಹಿಡಿಸಿದ ಚಿತ್ರವನ್ನು ಕತ್ತರಿಸುವುದರಿಂದಲೇ ಶುರು ಮಾಡುತ್ತಾರೆ. ಹೀಗೆ ಮಾಡಿದಾಗ ನಮ್ಮ ಗುರಿಗಳನ್ನು ಜಾಹೀರಾತು ಕೊಟ್ಟವರು ಆರಿಸಿದಂತಾಗುತ್ತದೆ. ಆದ್ದರಿಂದ ಮೊದಲ ಏಳು ದಿನ ಒಂದು ನೋಟ್‌ಪುಸ್ತಕ ಮತ್ತು ಪೆನ್ನು ಮಾತ್ರ ಸಾಕು. ದಿನಕ್ಕೆ ಹದಿನೈದು ನಿಮಿಷ ಕುಳಿತು, ಮುಂದಿನ ಒಂದು ವರ್ಷದಲ್ಲಿ ಆಗಬೇಕೆಂದು ಅನ್ನಿಸುವುದೆಲ್ಲವನ್ನೂ ಬರೆಯಿರಿ. ಆರೋಗ್ಯ, ಹಣ, ಮನೆ, ಕಲಿಕೆ, ಸಂಬಂಧಗಳು, ಹವ್ಯಾಸ, ಯಾವುದೂ ಚಿಕ್ಕದೆಂದು ಬಿಡಬೇಡಿ. ಮೂರನೆಯ ನಾಲ್ಕನೆಯ ದಿನದ ಹೊತ್ತಿಗೆ ಮೇಲುಮೇಲಿನ ಬಯಕೆಗಳು ಮುಗಿದು, ವರ್ಷಗಳಿಂದ ಒಳಗೇ ಉಳಿದಿದ್ದ ಒಂದೆರಡು ಮಾತು ಪುಸ್ತಕಕ್ಕೆ ಇಳಿಯುವುದನ್ನು ನೀವೇ ಗಮನಿಸುತ್ತೀರಿ.

ಏಳನೆಯ ದಿನ ಪ್ರತಿ ಸಾಲಿನ ಮುಂದೆ, ಇದು ಯಾರ ಬಯಕೆ ಎಂದು ಬರೆಯಿರಿ. ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸುವುದು ಸುಲಭವಲ್ಲ. ಅಣ್ಣನ ಮಗ ಕಾರು ಕೊಂಡನೆಂದು ನಮಗೂ ಬೇಕಾದ ಕಾರು, ಮದುವೆ ಮನೆಯಲ್ಲಿ ಯಾರೋ ಕೇಳಿದರೆಂದು ನೆನಪಾದ ಸೈಟು, ಅಪ್ಪ ಓದಲಾಗದ ಕಾರಣಕ್ಕೆ ನಾವು ಮಾಡಬೇಕಾದ ಪದವಿ, ಇವು ತಪ್ಪಲ್ಲ. ಆದರೆ ಇವನ್ನು ಹೊತ್ತು ನಡೆಯುವ ಬಲ ಎಲ್ಲಿಂದ ಬರುತ್ತದೆ ಎಂದು ತಿಳಿದಿರಬೇಕು. ಬೇರೆಯವರ ಬಯಕೆ ಎಂದು ಕಂಡುಬಂದದ್ದನ್ನು ಈ ವರ್ಷದ ಮಟ್ಟಿಗೆ ಬದಿಗಿಡಿ. ಉಳಿದವುಗಳಲ್ಲಿ ಮೂರನ್ನು ಆರಿಸಿ. ಹತ್ತು ಗುರಿಗಳ ಫಲಕ ಸಂತೆಯಂತಾಗುತ್ತದೆ, ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಎಲ್ಲೂ ನಿಲ್ಲುವುದಿಲ್ಲ.

ಬಯಕೆಯನ್ನು ಅಳತೆಗೆ ತರುವುದು

ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಗುರಿ ನಿಗದಿಯ ಬಗ್ಗೆ 1990ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಸರಳವಾಗಿದೆ: ‘ನಿನ್ನ ಕೈಲಾದಷ್ಟು ಮಾಡು’ ಎಂದು ಹೇಳಿದಾಗ ಆಗುವುದಕ್ಕಿಂತ ಹೆಚ್ಚು ಕೆಲಸ, ಸ್ಪಷ್ಟವಾದ ಮತ್ತು ತುಸು ಕಷ್ಟವೆನಿಸುವ ಗುರಿ ಕೊಟ್ಟಾಗ ಆಗುತ್ತದೆ. ಆದ್ದರಿಂದ ಆರಿಸಿದ ಮೂರು ಬಯಕೆಗಳನ್ನು ಅಂಕಿ ಮತ್ತು ದಿನಾಂಕವಿರುವ ವಾಕ್ಯಗಳಾಗಿ ತಿದ್ದಬೇಕು.

ಒಬ್ಬ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳೋಣ. ಹಾಸನದಲ್ಲಿದ್ದಾರೆ, ವಯಸ್ಸು 41, ಈಚೆಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದೆ, ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ, ಮದುವೆಗೆ ಮುಂಚೆ ಕಲಿಯುತ್ತಿದ್ದ ವೀಣೆ ಅಟ್ಟದ ಮೇಲಿದೆ. ಇವರ ನೋಟ್‌ಪುಸ್ತಕದಲ್ಲಿ ಮೊದಲು ಇದ್ದದ್ದು ‘ಆರೋಗ್ಯ ಚೆನ್ನಾಗಿರಬೇಕು’, ‘ಮಗಳ ಓದಿಗೆ ಹಣ ಬೇಕು’, ‘ಮತ್ತೆ ವೀಣೆ ನುಡಿಸಬೇಕು’ ಎಂಬ ಮೂರು ಸಾಲು. ತಿದ್ದಿದ ಮೇಲೆ ಅವು ಹೀಗಾಗುತ್ತವೆ. ‘ವಾರಕ್ಕೆ ಐದು ದಿನ 40 ನಿಮಿಷ ನಡೆಯುತ್ತೇನೆ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿರುವ ಮಟ್ಟಕ್ಕೆ ಯುಗಾದಿಯೊಳಗೆ ತರುತ್ತೇನೆ.’ ‘ತಿಂಗಳಿಗೆ 5,000 ರೂಪಾಯಿಯಂತೆ 36 ತಿಂಗಳು ಆರ್‌ಡಿ ಕಟ್ಟುತ್ತೇನೆ, ಬಡ್ಡಿ ಬಿಟ್ಟು 1,80,000 ರೂಪಾಯಿ ಮಗಳ ಓದಿಗೆ ಸಿದ್ಧವಿರುತ್ತದೆ.’ ‘ಮಂಗಳವಾರ ಮತ್ತು ಶನಿವಾರ ಸಂಜೆ ಅರ್ಧ ಗಂಟೆ ವೀಣೆ ಹಿಡಿಯುತ್ತೇನೆ, ನವರಾತ್ರಿಯ ವೇಳೆಗೆ ಮನೆಯವರ ಮುಂದೆ ಎರಡು ಕೃತಿ ನುಡಿಸುತ್ತೇನೆ.’

ಆರೋಗ್ಯದ ಗುರಿ ಇಟ್ಟುಕೊಳ್ಳುವವರಿಗೆ ಇಲ್ಲಿ ಒಂದು ಮಾತು. ದೇಹದ ಅಂಕಿಗಳು ನಮ್ಮ ಇಚ್ಛೆಯೊಂದರಿಂದಲೇ ಬದಲಾಗುವುದಿಲ್ಲ, ಆದರೆ ನಡಿಗೆಯ ನಿಮಿಷಗಳು ನಮ್ಮ ಕೈಯಲ್ಲಿವೆ. ವಾಕ್ಯದಲ್ಲಿ ನಮ್ಮ ಕೈಯಲ್ಲಿರುವ ಭಾಗ ಮೊದಲು ಬರಲಿ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆಯಾದ್ದರಿಂದ ವಾರವಾರ ಅದನ್ನು ಮಾಡಿಸಿ ಬೇಸರಪಡುವುದರಲ್ಲೂ ಅರ್ಥವಿಲ್ಲ.

ಪ್ರತಿ ಗುರಿಗೂ ಮೂರು ಚಿತ್ರ

ಇಡೀ ಕೆಲಸದ ಜೀವ ಇರುವುದು ಈ ಹಂತದಲ್ಲಿ. ಪ್ರತಿ ಗುರಿಗೂ ಫಲದ ಚಿತ್ರ ಒಂದು, ಕೆಲಸದ ಚಿತ್ರ ಒಂದು, ಅಡ್ಡಿಯ ಚಿತ್ರ ಒಂದು ಬೇಕು. ಇವುಗಳಲ್ಲಿ ಕೆಲಸದ ಚಿತ್ರ ಎಲ್ಲಕ್ಕಿಂತ ದೊಡ್ಡದಾಗಿರಬೇಕು.

ಫಲದ ಚಿತ್ರವನ್ನು ಹುಡುಕುವುದು ಕಷ್ಟವಲ್ಲ. ಮಗಳು ಕಾಲೇಜಿನ ಬಾಗಿಲಲ್ಲಿ ನಿಂತಂತೆ, ನವರಾತ್ರಿಯ ಗೊಂಬೆಗಳ ಮುಂದೆ ವೀಣೆ ಹಿಡಿದು ಕುಳಿತಂತೆ ಯಾವುದಾದರೂ ಸಾಕು. ಕೆಲಸದ ಚಿತ್ರಕ್ಕೆ ಮಾತ್ರ ಪತ್ರಿಕೆ, ಅಂತರಜಾಲಗಳ ಮೊರೆ ಹೋಗಬೇಡಿ. ಅದನ್ನು ನಿಮ್ಮ ಬದುಕಿನಿಂದಲೇ ತೆಗೆದುಕೊಳ್ಳಬೇಕು. ಬಾಗಿಲ ಬಳಿ ಬಿಟ್ಟಿರುವ ನಿಮ್ಮದೇ ನಡಿಗೆಯ ಬೂಟು, ಬೆಳಗಿನ ಆರು ಗಂಟೆಯಲ್ಲಿ ನಿಮ್ಮ ಬೀದಿ, ಅಟ್ಟದಿಂದ ಇಳಿಸಿ ಒರೆಸಿದ ವೀಣೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮೊದಲ ಕಂತು ಬಿದ್ದ ಪುಟ (ಖಾತೆಯ ಸಂಖ್ಯೆಯನ್ನು ಮುಚ್ಚಿ), ಇವನ್ನು ಫೋನಿನಲ್ಲಿ ತೆಗೆದು ಸ್ಟುಡಿಯೋದಲ್ಲಿ 4×6 ಇಂಚಿನ ಅಳತೆಗೆ ಪ್ರಿಂಟ್ ಹಾಕಿಸಿ. ಹೊಳಪಿಲ್ಲದ ಮ್ಯಾಟ್ ಕಾಗದ ಕೇಳಿ ಪಡೆಯಿರಿ. ಹೊಳಪಿನ ಕಾಗದ ಟ್ಯೂಬ್‌ಲೈಟಿನ ಬೆಳಕಿಗೆ ಮಿನುಗಿ ಚಿತ್ರವೇ ಕಾಣದಂತೆ ಮಾಡುತ್ತದೆ. ಪರದೇಶದ ಯಾರೋ ಓಟಗಾರ್ತಿ ಸೂರ್ಯೋದಯದಲ್ಲಿ ಓಡುವ ಚಿತ್ರಕ್ಕಿಂತ ನಿಮ್ಮ ಬೀದಿಯ ಹೊಂಗೆ ಮರದ ನೆರಳಿನ ಚಿತ್ರ ನಿಮ್ಮನ್ನು ಬೇಗ ಎಬ್ಬಿಸುತ್ತದೆ, ಏಕೆಂದರೆ ಅಲ್ಲಿಗೆ ಹೋಗುವ ದಾರಿ ನಿಮ್ಮ ಕಾಲಿಗೆ ಗೊತ್ತಿದೆ.

ಅಡ್ಡಿಯ ಚಿತ್ರ ಎಂದಾಗ ಹಲವರು ಹಿಂಜರಿಯುತ್ತಾರೆ. ಶುಭವಾದ ಫಲಕದ ಮೇಲೆ ಅಶುಭವೇಕೆ ಎಂಬುದು ಅವರ ಸಂಕೋಚ. ಆದರೆ ನಮ್ಮನ್ನು ದಿನವೂ ತಡೆಯುವುದು ಯಾವುದೆಂದು ನಮಗೇ ಚೆನ್ನಾಗಿ ಗೊತ್ತಿದೆ, ಅದನ್ನು ಫಲಕದಿಂದ ಹೊರಗಿಟ್ಟರೆ ಬದುಕಿನಿಂದ ಅದು ಹೊರಗೆ ಹೋಗುವುದಿಲ್ಲ. ಇದು ದೊಡ್ಡ ಚಿತ್ರವಾಗಬೇಕಾಗಿಲ್ಲ, ಒಂದು ರೂಪಾಯಿ ನಾಣ್ಯದಷ್ಟು ಅಗಲ ಸಾಕು, ಪೆನ್ಸಿಲ್ಲಿನ ಗೀಟಾದರೂ ಸಾಕು: ಮಳೆ, ಮಲಗುವಾಗ ಕೈಯಲ್ಲಿರುವ ಫೋನು, ಹಬ್ಬದ ಖರೀದಿಯ ಚೀಲ, ಸಂಜೆ ಬರುವ ನೆಂಟರು. ಅದರ ಕೆಳಗೆ ಒಂದೇ ಸಾಲು ಬರೆಯಬೇಕು, ಮತ್ತು ಆ ಸಾಲು ‘ರೆ’ಯ ಮೇಲೆ ನಿಲ್ಲಬೇಕು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸಿಕೊಂಡವರು, ಬರೀ ‘ಮಾಡುತ್ತೇನೆ’ ಎಂದವರಿಗಿಂತ ಹೆಚ್ಚಾಗಿ ತಮ್ಮ ಮಾತನ್ನು ನಡೆಸುತ್ತಾರೆಂದು ಹಲವು ಅಧ್ಯಯನಗಳಲ್ಲಿ ತೋರಿಸಿದರು. ಕನ್ನಡದಲ್ಲಿ ಇದಕ್ಕೆ ಬೇಕಾದ ಸಲಕರಣೆ ಕ್ರಿಯಾಪದದ ತುದಿಯಲ್ಲೇ ಸಿದ್ಧವಾಗಿದೆ. ‘ಬೆಳಗ್ಗೆ ಮಳೆ ಬಂದರೆ, ಶಾಲೆಯ ಕಾರಿಡಾರಿನಲ್ಲಿ ಮಧ್ಯಾಹ್ನ ನಡೆಯುತ್ತೇನೆ.’ ‘ಹಬ್ಬದ ತಿಂಗಳು ಹಣ ಸಾಲದೆ ಹೋದರೆ, ಕಂತು ಕಟ್ಟಿ ಉಳಿದದ್ದರಲ್ಲಿ ಬಟ್ಟೆ ತರುತ್ತೇನೆ.’ ‘ಶನಿವಾರ ನೆಂಟರು ಬಂದರೆ, ಭಾನುವಾರ ಬೆಳಗಿನ ಕಾಫಿಗೆ ಮುಂಚೆ ನುಡಿಸುತ್ತೇನೆ.’ ಅಡ್ಡಿಯನ್ನು ಕಂಡ ಕೂಡಲೇ ಉತ್ತರವೂ ಕಾಣುವಂತಿದ್ದರೆ ಅಂದು ಹೊಸದಾಗಿ ಯೋಚಿಸುವ ಶ್ರಮ ಉಳಿಯುತ್ತದೆ. ದಣಿದ ದಿನ ಸೋಲುವುದು ಆ ಯೋಚನೆಯಲ್ಲೇ. ಹಾಗಾಗಿ ಒಂದು ಗುರಿಗೆ ಒಂದೇ ಅಡ್ಡಿಯನ್ನು ಆರಿಸಿ, ಅದೂ ಅತಿ ಹೆಚ್ಚು ಸಲ ಬರುವುದನ್ನು.

ಸಾಮಗ್ರಿ ಮತ್ತು ಅಂಟಿಸುವ ಕೆಲಸ

ದುಡ್ಡು ಹೆಚ್ಚು ಖರ್ಚಾಗುವ ಕೆಲಸ ಇದಲ್ಲ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪೂರ್ಣ ಅಳತೆಯ ಚಾರ್ಟ್ ಹಾಳೆ, ಅಂದರೆ ಸುಮಾರು 22 ಇಂಚು ಅಗಲ 28 ಇಂಚು ಉದ್ದದ್ದು, ಮೂರು ಗುರಿಗಳಿಗೆ ಧಾರಾಳವಾಗುತ್ತದೆ. ಜಾಗ ಕಡಿಮೆಯಿದ್ದರೆ 29.7×42 ಸೆಂಟಿಮೀಟರಿನ ಎ3 ಹಾಳೆಯೂ ಸಾಕು, ಆಗ ಫೋಟೋಗಳನ್ನು ಸಣ್ಣದಾಗಿ ಪ್ರಿಂಟ್ ಹಾಕಿಸಬೇಕಾಗುತ್ತದೆ. ಕಳೆದ ವರ್ಷದ ಗೋಡೆ ಕ್ಯಾಲೆಂಡರಿನ ಹಿಂಬದಿ ಬಿಳಿಯಾಗಿ ದಪ್ಪವಾಗಿದ್ದರೆ ಅದನ್ನೂ ಬಳಸಬಹುದು. ಹಾಳೆಗೆ ಬೆನ್ನಾಗಿ ರಟ್ಟು ಬೇಕೇ ಬೇಕು. ಟಿವಿ ಅಥವಾ ಫ್ಯಾನು ಬಂದ ಪೆಟ್ಟಿಗೆಯ ಒಂದು ಬದಿಯನ್ನು ಅಳತೆಗೆ ಕತ್ತರಿಸಿಕೊಳ್ಳಿ. ಚಿತ್ರಗಳನ್ನು ಆಗಾಗ ಬದಲಿಸುವ ಅಂದಾಜಿದ್ದರೆ, ಮತ್ತು ನನ್ನ ಸಲಹೆಯೂ ಅದೇ, ರಟ್ಟಿನ ಜಾಗದಲ್ಲಿ ಥರ್ಮೊಕೋಲ್ ಹಾಳೆಯನ್ನೋ ಕಾರ್ಕ್ ಬೋರ್ಡನ್ನೋ ಇಟ್ಟುಕೊಂಡು ಗುಂಡುಸೂಜಿಯಲ್ಲಿ ಚುಚ್ಚುವುದು ಉತ್ತಮ. ಲ್ಯಾಮಿನೇಷನ್ ಮಾಡಿಸಬೇಡಿ. ಲ್ಯಾಮಿನೇಷನ್ ಆದ ಫಲಕ ಆ ದಿನಕ್ಕೇ ನಿಂತುಬಿಡುತ್ತದೆ, ನೀವು ಮುಂದಕ್ಕೆ ಹೋಗಿರುತ್ತೀರಿ.

ಅಂಟಿಸುವುದಾದರೆ, ಮೊದಲು ಎಲ್ಲವನ್ನೂ ಅಂಟಿಲ್ಲದೆ ಹರಡಿ ನೋಡಿ, ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹಾಳೆಯನ್ನು ಮೂರು ಉದ್ದ ಪಟ್ಟಿಗಳಾಗಿ ಭಾಗಿಸಿ, ಪ್ರತಿ ಪಟ್ಟಿಯ ನಡುವೆ, ನಿಂತಾಗ ಕಣ್ಣಿನ ಎತ್ತರಕ್ಕೆ ಬರುವಂತೆ, ಕೆಲಸದ ಚಿತ್ರವನ್ನಿಡಿ. ಅದರ ಮೇಲೆ ಚಿಕ್ಕದಾಗಿ ಫಲ, ಕೆಳಗೆ ಅಡ್ಡಿ ಮತ್ತು ‘ರೆ’ಯ ಸಾಲು. ಎಲ್ಲಕ್ಕಿಂತ ಕೆಳಗೆ ಹನ್ನೆರಡು ಖಾಲಿ ಚೌಕಗಳನ್ನು ಗೀಚಿ, ತಿಂಗಳಿಗೆ ಒಂದರಂತೆ. ಬಿಳಿ ಜಾಗ ಉಳಿಯಲಿ. ತುಂಬಿಸುವ ಆಸೆ ಎಲ್ಲರಿಗೂ ಆಗುತ್ತದೆ, ಅದನ್ನು ತಡೆದುಕೊಳ್ಳಿ.

ಫೆವಿಕಾಲನ್ನು ದಪ್ಪವಾಗಿ ಬಳಿದರೆ ಪತ್ರಿಕೆಯ ಕಾಗದ ನೆನೆದು ಸುಕ್ಕುಗಟ್ಟುತ್ತದೆ. ಅಂಚುಗಳಿಗೆ ತೆಳುವಾಗಿ ಸವರಿ ಒಣಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒತ್ತಿ, ರಾತ್ರಿಯಿಡೀ ದಪ್ಪ ಪುಸ್ತಕಗಳ ಭಾರದ ಕೆಳಗಿಡಿ. ತೆಳು ಕಾಗದಕ್ಕೆ ಗ್ಲೂ ಸ್ಟಿಕ್ ಇನ್ನೂ ಒಳ್ಳೆಯದು. ಮೈದಾ ಅಂಟನ್ನು ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಕಾಯಿಸುತ್ತಾರೆ, ಆದರೆ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಬಂದಾಗ ಅದಕ್ಕೆ ಬೂಸು ಹಿಡಿಯುತ್ತದೆ, ಹುಳುಗಳೂ ಬರುತ್ತವೆ. ಅಲ್ಲಿನವರು ಫಲಕವನ್ನು ಹೊರಗೋಡೆಗೆ ತಾಗಿಸದೆ ಒಳಗೋಡೆಗೆ ಹಾಕುವುದು ಕ್ಷೇಮ. ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ ಪ್ರಿಂಟರಿನ ಬಣ್ಣ ಕೆಲವೇ ತಿಂಗಳಲ್ಲಿ ಮಾಸುತ್ತದೆ.

ಬರಹವನ್ನು ನಿಮ್ಮ ಕೈಯಿಂದಲೇ ಬರೆಯಿರಿ, ನಿಮಗೆ ಮನಸ್ಸಿನಲ್ಲಿ ಕೇಳಿಸುವ ಮಾತಿನಲ್ಲಿ. ಕಲಬುರಗಿಯವರು ತಮ್ಮ ಮಾತಿನಲ್ಲಿ, ಕುಂದಾಪುರದವರು ತಮ್ಮ ಮಾತಿನಲ್ಲಿ ಬರೆದರೆ ಆ ಸಾಲು ಹೆಚ್ಚು ಒಳಗಿಳಿಯುತ್ತದೆ. ಇಂಗ್ಲಿಷಿನ ಸ್ಫೂರ್ತಿವಾಕ್ಯಗಳ ಸ್ಟಿಕ್ಕರುಗಳಿಗೆ ನನ್ನ ಫಲಕದಲ್ಲಿ ಈಗ ಜಾಗವಿಲ್ಲ.

ಫೋನಿನ ವಾಲ್‌ಪೇಪರಾಗಿ ಮಾಡಿಕೊಳ್ಳುವವರು ಕ್ಯಾನ್ವಾದಂಥ ಆ್ಯಪ್‌ನಲ್ಲಿ 1080×1920 ಪಿಕ್ಸೆಲ್ ಅಳತೆಯಲ್ಲಿ ಇದನ್ನೇ ಜೋಡಿಸಬಹುದು. ಆ ಸಣ್ಣ ಪರದೆಗೆ ಒಂದೇ ಗುರಿ, ಒಂದೇ ಕೆಲಸದ ಚಿತ್ರ ಸಾಕು. ಮೂರನ್ನೂ ತುರುಕಿದರೆ ಐಕಾನುಗಳ ಕೆಳಗೆ ಎಲ್ಲವೂ ಮುಚ್ಚಿಹೋಗುತ್ತದೆ.

ಎಲ್ಲಿ ಹಾಕಬೇಕು, ಯಾರು ನೋಡಬೇಕು

ಮನೆಯ ಹಾಲ್‌ನಲ್ಲಿ, ಬಂದವರಿಗೆಲ್ಲ ಕಾಣುವಂತೆ ಹಾಕಬೇಡಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಗಾಲ್ವಿಟ್ಸರ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ‘ನಾನು ಇಂಥವನಾಗುತ್ತೇನೆ’ ಎಂಬ ಬಗೆಯ ಉದ್ದೇಶಗಳನ್ನು ಬೇರೆಯವರು ಗಮನಿಸಿ ಒಪ್ಪಿದಾಗ, ಅವನ್ನು ಹೇಳಿಕೊಂಡವರು ಮುಂದೆ ಅದಕ್ಕಾಗಿ ದುಡಿಯುವುದು ಕಡಿಮೆಯಾಯಿತು. ಹೊಗಳಿಕೆ ಮೊದಲೇ ಸಿಕ್ಕಿಬಿಟ್ಟರೆ ಅರ್ಧ ದಾರಿ ನಡೆದಂತೆ ಅನ್ನಿಸುತ್ತದೆ. ಅದಕ್ಕಿಂತ ಬೀರುವಿನ ಬಾಗಿಲ ಒಳಬದಿ ಒಳ್ಳೆಯ ಜಾಗ. ಬೆಳಗ್ಗೆ ಬಟ್ಟೆ ತೆಗೆಯುವಾಗ ದಿನಕ್ಕೊಮ್ಮೆ ಖಂಡಿತ ಕಾಣುತ್ತದೆ, ದಿನವಿಡೀ ಕಾಣುವುದೂ ಇಲ್ಲ. ಸದಾ ಕಣ್ಣೆದುರಿಗಿರುವುದನ್ನು ಕಣ್ಣು ಕೆಲವೇ ವಾರಗಳಲ್ಲಿ ನೋಡುವುದನ್ನು ಬಿಡುತ್ತದೆ, ನಮ್ಮ ಮನೆಯ ಗೋಡೆ ಗಡಿಯಾರದ ಅಂಚಿನ ಬಣ್ಣ ನಮಗೆ ನೆನಪಿರದಂತೆ.

ಹಣದ ಗುರಿಯನ್ನು ಮಾತ್ರ ಮನೆಯಲ್ಲಿ ಅದರಲ್ಲಿ ಪಾಲುಳ್ಳವರೊಂದಿಗೆ ಕುಳಿತು ಮಾತಾಡಿಯೇ ಅಂಟಿಸಬೇಕು. ಹಬ್ಬದ ತಿಂಗಳಿನ ಕಂತಿನ ಸಾಲನ್ನು ಶಿಕ್ಷಕಿಯೊಬ್ಬರೇ ಬರೆದಿಟ್ಟು, ಆ ತಿಂಗಳು ಬಂದಾಗ ಅದು ಮನೆಯವರಿಗೆ ಹೊಸ ಸುದ್ದಿಯಾದರೆ, ಅಡ್ಡಿಯ ಪಟ್ಟಿಗೆ ಇನ್ನೊಂದು ಸೇರುತ್ತದೆ.

ಭಾನುವಾರದ ಹತ್ತು ನಿಮಿಷ

ಫಲಕದ ಮುಂದೆ ದಿನವೂ ಕಣ್ಣುಮುಚ್ಚಿ ಕೂರುವ ಅಗತ್ಯವಿಲ್ಲ. ವಾರಕ್ಕೊಮ್ಮೆ ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷ ತಪ್ಪಬಾರದು. ಪ್ರತಿ ಪಟ್ಟಿಯ ಮುಂದೆ ನಿಂತು, ಕಳೆದ ವಾರ ಈ ಚಿತ್ರದಲ್ಲಿರುವ ಕೆಲಸವನ್ನು ಎಷ್ಟು ಸಲ ಮಾಡಿದೆ, ಅಡ್ಡಿ ಬಂದಾಗ ‘ರೆ’ಯ ಸಾಲು ಕೆಲಸಕ್ಕೆ ಬಂದಿತೇ, ಮುಂದಿನ ವಾರ ಯಾವ ದಿನ ಯಾವ ಹೊತ್ತಿಗೆ ಮಾಡುತ್ತೇನೆ ಎಂದು ನೋಡಿ, ಉತ್ತರವನ್ನು ನೋಟ್‌ಪುಸ್ತಕದಲ್ಲಿ ಒಂದೊಂದು ಸಾಲು ಬರೆಯಿರಿ. ತಿಂಗಳ ಕೊನೆಯ ಭಾನುವಾರ ಚೌಕವನ್ನು ತುಂಬಿ. ಕೆಲಸ ಪೂರ್ತಿ ನಡೆದಿದ್ದರೆ ಪೂರ್ತಿ ಬಣ್ಣ, ಅರ್ಧ ನಡೆದಿದ್ದರೆ ಅರ್ಧ ಬಣ್ಣ, ನಡೆಯದಿದ್ದರೆ ಖಾಲಿ. ಖಾಲಿ ಚೌಕವನ್ನು ಆಮೇಲೆ ತುಂಬಬೇಡಿ.

ಎರಡು ತಿಂಗಳು ಸತತವಾಗಿ ಖಾಲಿ ಉಳಿದರೆ ಅದು ಸೋಮಾರಿತನದ ಗುರುತು ಎಂದು ತೀರ್ಮಾನಿಸಿ ನೊಂದುಕೊಳ್ಳುವ ಮೊದಲು, ಮೂರು ಸಂಗತಿಗಳನ್ನು ಪರೀಕ್ಷಿಸಿ. ಕೆಲಸದ ಅಳತೆ ಹೆಚ್ಚಾಗಿರಬಹುದು; 40 ನಿಮಿಷವನ್ನು 20ಕ್ಕೆ ಇಳಿಸಿ. ಬರೆದ ಅಡ್ಡಿ ನಿಜವಾದ ಅಡ್ಡಿಯಲ್ಲದಿರಬಹುದು. ಮಳೆ ಎಂದುಕೊಂಡಿದ್ದರೂ ತಡೆಯುತ್ತಿದ್ದದ್ದು ರಾತ್ರಿ ಹನ್ನೆರಡರವರೆಗಿನ ಫೋನು ಆಗಿರಬಹುದು, ಚಿತ್ರ ಬದಲಿಸಿ ಹೊಸ ಸಾಲು ಬರೆಯಿರಿ. ಅಥವಾ ಈ ಬಯಕೆ ಮೊದಲಿನಿಂದಲೂ ಬೇರೆಯವರದ್ದಾಗಿದ್ದಿರಬಹುದು. ಹಾಗಿದ್ದರೆ ಅದನ್ನು ಗೌರವದಿಂದ ತೆಗೆದು, ನೋಟ್‌ಪುಸ್ತಕದಲ್ಲಿ ಆರಿಸದೆ ಉಳಿದಿರುವ ನಿಮ್ಮದೇ ಬಯಕೆಗಳಲ್ಲಿ ಇನ್ನೊಂದಕ್ಕೆ ಜಾಗ ಕೊಡಿ.

ಮೂರು ತಿಂಗಳಿಗೊಮ್ಮೆ ಕೆಲಸದ ಚಿತ್ರವನ್ನೇ ಬದಲಿಸಿ. ಶಿಕ್ಷಕಿಯ ವೀಣೆಯ ಪಟ್ಟಿಯಲ್ಲಿ ಮೊದಲ ಮೂರು ತಿಂಗಳು ಒರೆಸಿಟ್ಟ ವೀಣೆಯ ಚಿತ್ರವಿದ್ದರೆ, ಮುಂದಿನ ಮೂರು ತಿಂಗಳಿಗೆ ಮಗಳು ತೆಗೆದ, ತಾವೇ ವೀಣೆ ಹಿಡಿದು ಕುಳಿತ ಫೋಟೋ ಬರಲಿ. ತೆಗೆದ ಹಳೆಯ ಚಿತ್ರಗಳ ಹಿಂದೆ ಹಾಕಿದ ದಿನಾಂಕ, ತೆಗೆದ ದಿನಾಂಕ, ಅಷ್ಟರಲ್ಲಿ ಆದದ್ದೇನು ಎಂದು ಒಂದು ಸಾಲು ಬರೆದು ಕವರೊಂದರಲ್ಲಿ ಹಾಕಿಡಿ. ಮುಂದಿನ ಯುಗಾದಿಯಲ್ಲಿ ಹೊಸ ಹಾಳೆ ಹರಡಿ ಕೂರುವಾಗ ಪತ್ರಿಕೆಗಳ ಕಟ್ಟಿಗಿಂತ ಮೊದಲು ಆ ಕವರನ್ನು ತೆರೆಯಿರಿ.